ನೀರಿಗೆ ಬಂದ ಕಾಯಿಲೆ

ದಸರಾ ರಜೆಗೆ ಊರಿಗೆ ಹೊರಟ ನನ್ನ ತಮ್ಮನ ಸಂಸಾರ, ಬಸ್ಸು ಹತ್ತುವ ಮೊದಲು ನಮ್ಮ ಮನೆಗೆ ಬಂದು ಊಟದ ಮೇಜಿನ ಮೇಲೆ ಒಂದು ಗಾಜಿನ ಬೋಗುಣಿ ಇಟ್ಟು ಹೋಯಿತು. ಒಳಗೆ ಎರಡು ಗೋಲ್ಡ್‌ಫಿಶ್. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಹೋದ ಮಕ್ಕಳಿಗೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಒಂದೊಂದು ಜೊತೆ ಮೀನು ಕೊಟ್ಟು ಕಳಿಸಿದ್ದರಂತೆ. ನಮ್ಮ ಕಾಲದಲ್ಲಿ ಕೊಬ್ಬರಿ ಸಕ್ಕರೆ ಕೈಗಿಟ್ಟು ಕಳಿಸುತ್ತಿದ್ದರು. ಅದಕ್ಕೆ ಕಾಯಿಲೆ ಬರುವ ಭಯ ಇರಲಿಲ್ಲ.

"ಅತ್ತೆ, ಬೆಳಿಗ್ಗೆ ನಾಲ್ಕು ಕಾಳು, ಸಂಜೆ ನಾಲ್ಕು ಕಾಳು. ಜಾಸ್ತಿ ಹಾಕಬೇಡಿ" ಎಂದು ಎಂಟು ವರ್ಷದ ಸೋದರಳಿಯ ನನಗೆ ಪಾಠ ಹೇಳಿದ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಹೇಳಿಸಿಕೊಳ್ಳುವುದು ಕಷ್ಟ. ನಾನು ತಲೆಯಾಡಿಸಿದೆ, ಮತ್ತು ಮೊದಲ ದಿನವೇ ಎಂಟು ಕಾಳು ಹಾಕಿದೆ. ಹಸಿದಿರುವಂತೆ ಬಾಯಿ ಬಾಯಿ ಬಿಡುತ್ತಿದ್ದವು ಪಾಪ.

ಎರಡನೆಯ ದಿನ ನೀರು ಮಂಕಾಯಿತು. ಗೃಹಿಣಿಯ ಕೈ ಸುಮ್ಮನಿರುತ್ತದೆಯೇ? ಮೀನುಗಳನ್ನು ಲೋಟಕ್ಕೆ ಎತ್ತಿಹಾಕಿ, ಬೋಗುಣಿಯನ್ನು ಸೋಪಿನ ಪುಡಿ ಹಾಕಿ ಫಳಫಳ ತೊಳೆದು, ನಲ್ಲಿಯ ನೀರು ತುಂಬಿದೆ. ನಾಲ್ಕನೆಯ ದಿನ ನೋಡುತ್ತೇನೆ, ದೊಡ್ಡ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಬಾಲದ ಮೇಲೂ ಇದ್ದವು. ಮೈಯನ್ನು ಗಾಜಿಗೆ ಉಜ್ಜುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಅದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕರಿಬೇವಿನ ಗಿಡದ ಬುಡದಲ್ಲಿ ಹೂತು ಕೈ ತೊಳೆದು ಬಂದರೆ, ಉಳಿದ ಚಿಕ್ಕದರ ಬಾಲದಲ್ಲೂ ಮೂರು ಚುಕ್ಕೆ. ಹುಡುಗ ಬರಲು ಇನ್ನೂ ಹದಿನೈದು ದಿನ.

ನಮ್ಮೆಜಮಾನರು "ಬೇರೆ ತಂದು ಬಿಟ್ಟರಾಯಿತು, ಅವನಿಗೇನು ಗೊತ್ತಾಗುತ್ತೆ" ಎಂದರು. ಗೊತ್ತಾಗುತ್ತದೆ. ಚಿಕ್ಕದರ ಎಡಗಣ್ಣಿನ ಮೇಲೆ ಒಂದು ಕಪ್ಪು ಮಚ್ಚೆ ಇತ್ತು.

ಮದ್ದು ಹುಡುಕಲು ಪುಸ್ತಕ ತೆಗೆದವಳು ಈ ಮೀನಿನ ಚರಿತ್ರೆಯೊಳಗೇ ಹೊಕ್ಕೆ. ಹೊಕ್ಕಿದ್ದು ಒಳ್ಳೆಯದಾಯಿತು, ಮದ್ದು ಅಲ್ಲಿಯೇ ಇತ್ತು.

ಗೋಲ್ಡ್‌ಫಿಶ್ ಹುಟ್ಟಿನಿಂದ ಚಿನ್ನದ್ದಲ್ಲ. ಚೀನಾದ ಕೆರೆಗಳ ಬೂದು ಬಣ್ಣದ, ಊಟಕ್ಕೆ ಹಿಡಿಯುತ್ತಿದ್ದ ಸಾಧಾರಣ ಮೀನು ಅದರ ಮೂಲ. ಸಾವಿರಕ್ಕೆ ಯಾವುದೋ ಒಂದು ಕೆಂಪಾಗಿಯೋ ಹಳದಿಯಾಗಿಯೋ ಹುಟ್ಟುತ್ತಿತ್ತು. ಬುದ್ಧನನ್ನು ನಂಬಿದವರು ಬಲೆಗೆ ಬಿದ್ದ ಜೀವವನ್ನು ಕೊಂಡು ನೀರಿಗೆ ಬಿಡುವುದನ್ನು ಪುಣ್ಯವೆಂದು ತಿಳಿದಿದ್ದರು. ಅದಕ್ಕೆಂದೇ ದೇವಾಲಯಗಳಲ್ಲಿ ಕೊಳಗಳಿದ್ದವು. ಅಪರೂಪದ ಹೊನ್ನಿನ ಬಣ್ಣದ್ದು ಸಿಕ್ಕಿದರೆ ಅದನ್ನು ತಿನ್ನಲು ಯಾರಿಗೆ ಮನಸ್ಸು ಬಂದೀತು! ಹಾಂಗ್‌ಝೌ ನಗರದ ಕೊಳದಲ್ಲಿದ್ದ ಇಂಥ ಮೀನುಗಳ ಮಾತು 11ನೇ ಶತಮಾನದ ಕವಿ ಸು ಷಿಯ ಬರಹದಲ್ಲಿಯೇ ಬರುತ್ತದೆ. 1162ರಲ್ಲಿ ಸಿಂಹಾಸನ ಬಿಟ್ಟುಕೊಟ್ಟ ಸಾಂಗ್ ವಂಶದ ಚಕ್ರವರ್ತಿ ಗಾವೊಝಾಂಗ್ ಅದೇ ನಗರದ ತನ್ನ ಅರಮನೆಯ ಕೊಳದಲ್ಲಿ ಇವನ್ನು ಸಾಕಿಸಿದ. ಪುಣ್ಯಕ್ಕಾಗಿ ಬದುಕಿಸಿದ ಮೀನು ಹೀಗೆ ಶೋಕಿಯ ಮೀನಾಯಿತು.

ಮಿಂಗ್ ವಂಶದ ಕಾಲಕ್ಕೆ ಅದು ಕೊಳ ಬಿಟ್ಟು ಮನೆಯೊಳಗಿನ ಪಿಂಗಾಣಿ ತೊಟ್ಟಿಗೆ ಬಂತು. 1596ರಲ್ಲಿ ಝಾಂಗ್ ಚಿಯಾನ್‌ದೆ ಎಂಬ ಇಪ್ಪತ್ತರ ಆಸುಪಾಸಿನ ಯುವಕ ಈ ಮೀನಿನ ಬಗ್ಗೆಯೇ ಒಂದು ಪುಟ್ಟ ಪುಸ್ತಕ ಬರೆದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹುಡುಗನ ಒಂದು ಸಲಹೆ. ನೀರು ಬದಲಿಸಿದ ಒಂದೆರಡು ದಿನಕ್ಕೇ ತಳದಲ್ಲಿ ಕೊಳೆ ಕೂರುತ್ತದೆ, ಅದನ್ನು ಬಿದಿರಿನ ಕೊಳವೆಯಿಂದ ಆಗಾಗ ಹೀರಿ ತೆಗೆಯಬೇಕು ಎನ್ನುತ್ತಾನೆ. ಮೀನನ್ನು ಎತ್ತುವ ಮಾತಿಲ್ಲ, ತೊಟ್ಟಿಯನ್ನು ಉಜ್ಜಿ ತೊಳೆಯುವ ಮಾತೂ ಇಲ್ಲ. ಅದೇ ಹುಡುಗ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಬೇಸಿಗೆಯಲ್ಲಿ ಹತ್ತಾರು ಮರಿ ತಂದು, ಸೊಗಸಿಲ್ಲದ್ದನ್ನು ದಿನದಿನವೂ ತೆಗೆದುಹಾಕಿ, ನೂರಕ್ಕೆ ಒಂದೋ ಎರಡೋ ಉಳಿಸಿಕೊಳ್ಳಬೇಕಂತೆ. ಇಂದು ಅಂಗಡಿಯಲ್ಲಿ ಕಾಣುವ ಉಂಡೆ ಹೊಟ್ಟೆ, ಸೀರೆಯ ಸೆರಗಿನಂಥ ಬಾಲ, ಉಬ್ಬುಗಣ್ಣು ಇವೆಲ್ಲ ಹೀಗೆ ತಲೆತಲಾಂತರ ಆರಿಸಿದ್ದರ ಫಲ. ಮೈಯನ್ನು ಅಷ್ಟು ಗಿಡ್ಡ ಮಾಡಿದ ಮೇಲೆ ಒಳಗಿನ ಗಾಳಿಚೀಲಕ್ಕೂ ಕರುಳಿಗೂ ಜಾಗ ಸಾಲದೆ, ಆ ಮೀನುಗಳು ಆಗಾಗ ಮಗುಚಿ ತೇಲುತ್ತವೆ. ಅದು ನಾವು ಕೊಟ್ಟ ಕಾಯಿಲೆ.

ಯೂರೋಪಿಗೆ ಇವು ಬಂದದ್ದು 17ನೇ ಶತಮಾನದಲ್ಲಿ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವರಿಗೆ ಥಾಮಸ್ ಗ್ರೇ ಬರೆದ ಬೆಕ್ಕಿನ ಪದ್ಯ ನೆನಪಿರಬಹುದು. 1747ರಲ್ಲಿ ಹೊರೇಸ್ ವಾಲ್‌ಪೋಲನ ಬೆಕ್ಕು ಸೆಲಿಮಾ ಚೀನಾ ಪಿಂಗಾಣಿಯ ಪಾತ್ರೆಯಲ್ಲಿದ್ದ ಗೋಲ್ಡ್‌ಫಿಶ್‌ಗೆ ಆಸೆಪಟ್ಟು ಮುಳುಗಿ ಸತ್ತಿತ್ತು. ನಮ್ಮ ಮೇಷ್ಟ್ರು ಅದನ್ನು ರಸವತ್ತಾಗಿ ಪಾಠ ಮಾಡಿದ್ದರು. ಬೆಕ್ಕಿಗಾಗಿ ಎಲ್ಲರೂ ಮರುಗಿದೆವು. ಆ ಪಾತ್ರೆಯೊಳಗೆ ಮೀನುಗಳು ಎಷ್ಟು ದಿನ ಬಾಳಿದವು ಎಂದು ನಾನಂತೂ ಕೇಳಲಿಲ್ಲ.

ಕೇಳಬೇಕಿದ್ದ ಪ್ರಶ್ನೆಗೆ ಉತ್ತರ ಹುಡುಕಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ಅವನು ಎರಡು ಗೋಲ್ಡ್‌ಫಿಶ್‌ಗಳ ಜೊತೆಗೆ ನೀರಿನಲ್ಲಿ ಬೆಳೆಯುವ ಹುಲ್ಲಿನಂಥ ಗಿಡ ನೆಟ್ಟ. ಎಲೆ ಕೊಳೆತು ನೀರು ಕೆಟ್ಟಾಗ ಅದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ. ಮೀನು, ಗಿಡ, ಹುಳು ಮೂರೂ ಒಂದನ್ನೊಂದು ಸಾಕಿಕೊಂಡವು. 1850ರಲ್ಲಿ ಅವನು ಇದನ್ನು ಪ್ರಕಟಿಸಿದ. ಮನೆಮನೆಯ ಅಕ್ವೇರಿಯಂಗೆ ತಳಹದಿ ಬಿದ್ದದ್ದು ಹೀಗೆ. ಆದರೂ ಒಂದು ಕೊಂಡಿ ಅವನಿಗೆ ತಿಳಿದಿರಲಿಲ್ಲ. ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಉಳಿದ ಕಾಳು ಕೊಳೆತರೂ ಅದೇ ಅಮೋನಿಯಾ. ಅದು ಮೀನಿಗೆ ವಿಷ. ಕಲ್ಲು, ಮರಳು, ಗಾಜಿಗೆ ಅಂಟಿ ಬದುಕುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಎರಡು ಹಂತದಲ್ಲಿ ಅದನ್ನು ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡುತ್ತವೆ. ಹೊಲದ ಮಣ್ಣಿನಲ್ಲಿ ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆಂದು ತೋರಿಸಿದವರಲ್ಲಿ ಒಬ್ಬ ಇದೇ ವಾರಿಂಗ್ಟನ್ನನ ಮಗ! ಅವನ ಹೆಸರೂ ರಾಬರ್ಟ್ ವಾರಿಂಗ್ಟನ್. ಆ ಜೀವಿಗಳನ್ನು ಬೇರ್ಪಡಿಸಲು ಅವನಿಂದಾಗಲಿಲ್ಲ. 1890ರಲ್ಲಿ ರಷ್ಯಾದ ವಿನೊಗ್ರಾಡ್‌ಸ್ಕಿ ಮಾಡಿದ. ಅಪ್ಪ ಮೀನು ಸಾಕಿದ, ಮಗ ಮಣ್ಣು ಪರೀಕ್ಷಿಸಿದ, ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಗಂಟಿನ ಎರಡು ತುದಿ.

ಇಷ್ಟು ಓದಿದಾಗ ನನಗೆ ಸೋಪಿನ ಪುಡಿ ನೆನಪಾಯಿತು. ಆ ಬ್ಯಾಕ್ಟೀರಿಯಾಗಳನ್ನೆಲ್ಲ ನಾನೇ ಉಜ್ಜಿ ಚರಂಡಿಗೆ ಚೆಲ್ಲಿದ್ದೆ. ಮೇಲೆ ಕ್ಲೋರಿನ್ ಬೆರೆತ ನೀರು, ಎರಡರಷ್ಟು ಕಾಳು. ಸೊರಗಿದ ಮೈಗೆ ಚುಕ್ಕೆ ರೋಗ ಹತ್ತಿತ್ತು.

ಆ ಬಿಳಿ ಚುಕ್ಕೆಯೂ ಒಂದು ಜೀವಿ. ಫ್ರಾನ್ಸಿನ ಫೂಕೆ ಎಂಬುವನು 1876ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟ. ಅದೇ ವರ್ಷ ಜರ್ಮನಿಯಲ್ಲಿ ಹೈನ್ರಿಚ್ ಕಾರೊ ಬಟ್ಟೆಗೆ ಹಾಕಲೆಂದು ಮೆಥಿಲೀನ್ ಬ್ಲೂ ಎಂಬ ಬಣ್ಣ ತಯಾರಿಸಿದ. 1891ರಲ್ಲಿ ಪಾಲ್ ಎರ್ಲಿಚ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಮೀನಿನ ಅಂಗಡಿಯವನು ನನ್ನ ಕೈಗಿಟ್ಟ ನೀಲಿ ಸೀಸೆಯಲ್ಲಿದ್ದದ್ದು ಅದೇ. ಆದರೆ ಅದು ಆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ ಎಂದು ತಿಳಿದು ಸೀಸೆಯನ್ನು ಕಪಾಟಿನಲ್ಲಿಟ್ಟು ಉಪ್ಪಿನ ಡಬ್ಬಿ ತೆಗೆದೆ.

ನೀರು ಹಿಡಿದಿಡುವುದು ನಮ್ಮತ್ತೆಯವರ ಕಾಲದ ಪದ್ಧತಿ. ನಲ್ಲಿಯ ನೀರನ್ನು ಒಂದು ರಾತ್ರಿ ತಂಗಲು ಬಿಡದೆ ಅವರು ಕುಡಿಯುತ್ತಿರಲಿಲ್ಲ. ಕ್ಲೋರಿನ್ ಹಾರಿಹೋಗಲು ಅದೇ ದಾರಿ. ಸಂತೋಷದಿಂದ ಅವರ ತಾಮ್ರದ ಹಂಡೆಗೆ ಕೈ ಹಾಕಿದೆ, ಅಷ್ಟರಲ್ಲಿ ತಾಮ್ರ ಮೀನಿಗೆ ವಿಷವೆಂದು ಓದಿದ್ದು ನೆನಪಾಗಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಿಡಿದಿಟ್ಟೆ. ಹಿತ್ತಲಿನ ನೆರಳಿನಲ್ಲಿ, ಬಟ್ಟೆ ನೆನೆಸಲು ತಂದು ಇನ್ನೂ ಸೋಪು ಸೋಕದ ನಲವತ್ತು ಲೀಟರಿನ ಟಬ್ಬು. ಗಾಳಿಗೆ ಒಂದು ಚಿಕ್ಕ ಏರ್ ಪಂಪ್. ಲೀಟರಿಗೆ ಮೂರು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಕರಗಿಸಿ, ಎರಡು ದಿನಗಳಲ್ಲಿ ಮೂರು ಕಂತಾಗಿ ಸೇರಿಸಿದೆ. ಚುಕ್ಕೆಯೊಳಗಿನ ಜೀವಿಯನ್ನು ಉಪ್ಪು ಮುಟ್ಟುವುದಿಲ್ಲ. ಅದು ಬಲಿತು ಉದುರಿ, ತಳದಲ್ಲಿ ಒಡೆದು ನೂರಾರಾಗಿ, ಹೊಸ ಮೀನು ಹುಡುಕುತ್ತ ಈಜುವಾಗ ಮಾತ್ರ ಸಿಕ್ಕಿಬೀಳುತ್ತದೆ. ಆದ್ದರಿಂದ ಚುಕ್ಕೆ ಮಾಯವಾದ ಮೇಲೂ ವಾರಗಟ್ಟಲೆ ಬಿಡುವಂತಿಲ್ಲ. ದಿನಾ ಬೆಳಿಗ್ಗೆ, ಶಾಲೆಯ ಪ್ರಯೋಗಶಾಲೆಯಿಂದ ಎರವಲು ತಂದ ರಬ್ಬರ್ ಕೊಳವೆಯಿಂದ ತಳದ ಕೊಳೆಯನ್ನು ಹೀರಿ, ಹೋದಷ್ಟೇ ನೀರನ್ನು ಅಷ್ಟಕ್ಕೇ ಉಪ್ಪು ಬೆರೆಸಿ ತುಂಬಿದೆ. ಬಿದಿರಿನ ಬದಲು ರಬ್ಬರು, ಅಷ್ಟೇ ವ್ಯತ್ಯಾಸ. ಎರಡು ದಿನ ಕಾಳು ಹಾಕಲೇ ಇಲ್ಲ. ಅದು ಎಲ್ಲಕ್ಕಿಂತ ಕಷ್ಟವಾಯಿತು. ಕಾಯಿಲೆ ಬಿದ್ದವರಿಗೆ ಬಡಿಸದೆ ಇರುವುದನ್ನು ನಮಗೆ ಯಾರೂ ಕಲಿಸಿಲ್ಲ.

ಇಟಲಿಯ ರೋಮ್ ನಗರಸಭೆ 2005ರಲ್ಲಿ ದುಂಡನೆಯ ಮೀನಿನ ಬೋಗುಣಿಗಳನ್ನೇ ನಿಷೇಧಿಸಿತು. ಮೊದಲು ಓದಿದಾಗ ನಕ್ಕಿದ್ದೆ. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಬಂದ ಒಂದು ಗೋಲ್ಡ್‌ಫಿಶ್ ಸತ್ತದ್ದು 1999ರಲ್ಲಿ, 43 ವರ್ಷ ಬಾಳಿ. ನಾನು ಕಂಡ ಮನೆಗಳ ಬೋಗುಣಿಗಳಲ್ಲಿ ಇವು ವರ್ಷ ತುಂಬಿಸಿದ್ದೇ ಅಪರೂಪ. "ಮೀನಿನ ಆಯಸ್ಸೇ ಅಷ್ಟು" ಎಂದು ನಾನೂ ಹೇಳಿದ್ದುಂಟು.

ಹುಡುಗ ಬಂದವನೇ ಮೇಜಿನ ಕಡೆ ಓಡಿದ. ಬೋಗುಣಿಯಲ್ಲಿ ಮನಿಪ್ಲಾಂಟ್ ಇತ್ತು. ಒಂದು ಸತ್ತುಹೋಯಿತೆಂದೂ, ತಪ್ಪು ನನ್ನದೆಂದೂ ಹೇಳಿದೆ. ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಕರಿಬೇವಿನ ಗಿಡ ಎಲ್ಲಿದೆ ಎಂದು ಕೇಳಿ ನೋಡಿಬಂದ. ಹಿತ್ತಲಿನ ಟಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಚೀನಾದವರು ಐನೂರು ವರ್ಷಗಳ ಹಿಂದೆ ನೋಡುತ್ತಿದ್ದಂತೆ ಮೇಲಿನಿಂದ ನೋಡಿದ. ಮೀನು ಟಬ್ಬಿನ ಆ ತುದಿಯಿಂದ ಈ ತುದಿಗೆ ನೇರ ಬಂತು.

"ಅತ್ತೆ, ಇದು ಸುತ್ತು ಹೊಡೀತಾನೇ ಇಲ್ವಲ್ಲ" ಎಂದ.