ಪಿರಮಿಡ್ಡಿನ ತುದಿಯಲ್ಲಿ ಒಬ್ಬನೇ

ಅಪ್ರೈಸಲ್ ಸೀಸನ್ ಬಂತೆಂದರೆ ನಾವೆಲ್ಲ ಬೈಯೋದು ಬೆಲ್ ಕರ್ವನ್ನು. ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಇಂತಿಷ್ಟು ಜನರಿಗಷ್ಟೇ ಒಳ್ಳೇ ರೇಟಿಂಗು. ಇದಕ್ಕಿಂತ ಬಿಗಿಯಾದ ಲೆಕ್ಕವೊಂದು 130 ವರ್ಷಗಳ ಹಿಂದೆಯೇ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಇತ್ತು.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಗಿದ್ದು 1889ರಲ್ಲಿ. ತರಬೇತಿಯ ವೈದ್ಯರು ಆಸ್ಪತ್ರೆಯಲ್ಲೇ ವಾಸ ಮಾಡ್ತಿದ್ದರು. ‘ರೆಸಿಡೆಂಟ್’ ಅನ್ನೋ ಹೆಸರಿನ ಅರ್ಥವೇ ಅದು. ಅಲ್ಲಿ ಸರ್ಜರಿ ಕಲಿಸುತ್ತಿದ್ದವರು ವಿಲಿಯಂ ಹಾಲ್‌ಸ್ಟೆಡ್. ಹಂತಹಂತವಾಗಿ ಜವಾಬ್ದಾರಿ ಕೊಟ್ಟು ಕೈ ಪಳಗಿಸುವ ಅವರ ಕ್ರಮವೇ ಇಂದಿನ ಸರ್ಜರಿ ತರಬೇತಿಗೆ ಬುನಾದಿ. ಆದರೆ ಆ ಕ್ರಮ ಪಿರಮಿಡ್ಡಿನಂತಿತ್ತು: ಕೆಳಗೆ ಹಲವರು, ತುದಿಯಲ್ಲಿ ಒಬ್ಬನೇ ಚೀಫ್ ರೆಸಿಡೆಂಟ್. ಇಷ್ಟು ವರ್ಷಕ್ಕೆ ಮುಗಿಯುತ್ತೆ ಅನ್ನೋ ಗಡುವಿಲ್ಲ. ಯಾರು ಸಿದ್ಧ ಅನ್ನೋದು ಹಾಲ್‌ಸ್ಟೆಡ್ ತೀರ್ಮಾನ. 33 ವರ್ಷಗಳಲ್ಲಿ ತುದಿ ಮುಟ್ಟಿದವರು 17 ಮಂದಿ!

ಆ 17 ಜನ ಘಟಾನುಘಟಿಗಳಾದರು, ನಿಜ. ನನ್ನನ್ನು ಕಾಡೋದು ಉಳಿದವರು. ಪಕ್ಕದವನನ್ನು ಹಿಂದೆ ಹಾಕಿದರಷ್ಟೇ ಉಳಿಗಾಲ ಎಂದಾಗ, ‘ಸರ್, ಈ ಹೊಲಿಗೆ ನನಗೆ ಸರಿಯಾಗಿ ಬರಲ್ಲ’ ಅಂತ ಯಾರು ತಾನೇ ಬಾಯಿಬಿಡ್ತಾರೆ? ನಮ್ಮ ಆಫೀಸಿನಲ್ಲಿ ಇಂಥ ಮೌನಕ್ಕೆ ಪ್ರಾಜೆಕ್ಟ್ ತಡವಾಗಬಹುದು. ಅಲ್ಲಿ ಮೇಜಿನ ಮೇಲೆ ಮಲಗಿರೋದು ಮನುಷ್ಯ.

1930ರ ದಶಕದ ಕೊನೆಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಚರ್ಚಿಲ್ ಈ ಆಕಾರವನ್ನೇ ಬದಲಿಸಹೊರಟರು. ಪಿರಮಿಡ್ ಬದಲು ಆಯತ: ಸೇರಿದವರಲ್ಲಿ ಹೆಚ್ಚಿನವರು ಪೂರ್ತಿ ಕಲಿತೇ ಹೊರಬರಲಿ. ಆಗ ಗುರು ಕೇಳಬೇಕಾದ ಪ್ರಶ್ನೆಯೂ ಬದಲಾಯಿತು. ‘ಇವರಲ್ಲಿ ಯಾರು ಮೇಲು?’ ಅನ್ನೋದು ಹೋಗಿ ‘ಇವನಿಗೆ ಇನ್ನೇನು ಬರಬೇಕು?’ ಅಂತಾಯಿತು. ಪಿರಮಿಡ್ ಒಂದೇ ಏಟಿಗೆ ಉರುಳಲಿಲ್ಲ. ಎಷ್ಟೋ ಕಡೆ ದಶಕಗಳ ಕಾಲ ನಿಂತಿತ್ತು.

1999ರಲ್ಲಿ ಅಮೆರಿಕದ ರೆಸಿಡೆನ್ಸಿ ಮಾನ್ಯತಾ ಮಂಡಳಿ ಆರು ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು. ವೈದ್ಯಕೀಯ ಜ್ಞಾನದ ಜೊತೆಗೆ ರೋಗಿಯೊಡನೆ ಮಾತಾಡುವ ರೀತಿಗೂ ಅದರಲ್ಲಿ ಜಾಗ ಸಿಕ್ಕಿತು. 2013ರಿಂದ ‘ಮೈಲ್‌ಸ್ಟೋನ್’ ಪದ್ಧತಿ: ಆರು ತಿಂಗಳಿಗೊಮ್ಮೆ ಸಮಿತಿಯೊಂದು ಕೂತು, ಪ್ರತಿಯೊಬ್ಬರೂ ಐದು ಮೆಟ್ಟಿಲುಗಳಲ್ಲಿ ಎಲ್ಲಿದ್ದಾರೆ ಅಂತ ನೋಡುತ್ತೆ. ಒಬ್ಬನೇ ದೊರೆಯ ಕಣ್ಣಿನ ಬದಲು ಹಲವರ ಕಣ್ಣು.

ನಮ್ಮ ಪಿಜಿ ವೈದ್ಯರಿಗೂ ಲಾಗ್‌ಬುಕ್ ಇದೆ, ಗೈಡ್ ಸಹಿಯೂ ಬೇಕು. ಎಷ್ಟು ಕೇಸ್ ಮಾಡಿದ್ರು ಅಂತ ಅದು ಹೇಳುತ್ತೆ. ಕೈ ಎಷ್ಟು ಪಳಗಿದೆ ಅಂತ ಹೇಳಬೇಕಾದವರು ಪಕ್ಕದಲ್ಲಿ ನಿಂತು ನೋಡಿದ ಹಿರಿಯರೇ. ಸಹಿಗೆ ಬೆಲೆ ಬರೋದು ಆ ನೋಟದಿಂದ.