ಯಾರೂ ಕಸಿಯಲಾಗದ ಕೈವಿದ್ಯೆ: ಪಿಯಾನೊ ಕಲಿಸಿದ ಆಲಿಸ್ ಅಜ್ಜಿಯ 110 ವರ್ಷ

2014ರ ಫೆಬ್ರುವರಿ 23ರಂದು ಲಂಡನ್‌ನಲ್ಲಿ 110 ವರ್ಷದ ಅಜ್ಜಿಯೊಬ್ಬರು ತೀರಿಕೊಂಡರು. ಹೆಸರು ಆಲಿಸ್ ಹೆರ್ಜ್-ಸಾಮರ್. ಹುಟ್ಟೂರು ಪ್ರಾಗ್, ದುಡಿದದ್ದು ಜೆರುಸಲೇಂ, ಕೊನೆಯುಸಿರೆಳೆದದ್ದು ಲಂಡನ್. ಎರಡು ಸಲ ದೇಶ ಬಿಟ್ಟು ದೇಶಕ್ಕೆ ಹೋದ ಈ ಅಜ್ಜಿ ಕೊನೆಯವರೆಗೂ ಬಿಡದೆ ಜೊತೆಗಿಟ್ಟುಕೊಂಡದ್ದು ಒಂದೇ, ಪಿಯಾನೊ ವಿದ್ಯೆ.

ಪಿಯಾನೊ ನೋಡಿರದವರು ನಮ್ಮ ಭಜನೆ ಮನೆಯ ಹಾರ್ಮೋನಿಯಂ ನೆನಪಿಸಿಕೊಳ್ಳಿ. ಅದೇ ಕಪ್ಪು–ಬಿಳಿ ಮನೆಗಳು. ಆದರೆ ಹಾರ್ಮೋನಿಯಂ ತಿದಿಯ ಗಾಳಿಯಿಂದ ನುಡಿಯುತ್ತದೆ. ಪಿಯಾನೊದಲ್ಲಿ ಒಂದು ಮನೆ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಒಟ್ಟು 88 ಮನೆ, ಹತ್ತೂ ಬೆರಳಿಗೆ ಕೆಲಸ.

ಪ್ರಾಗ್‌ನ ಹುಡುಗಿ

ಆಲಿಸ್ ಹುಟ್ಟಿದ್ದು 1903ರ ನವೆಂಬರ್ 26ರಂದು, ಯಹೂದಿ ಕುಟುಂಬದಲ್ಲಿ. ಮೊದಲ ಪಾಠ ಹೇಳಿಕೊಟ್ಟವರು ಅಕ್ಕ ಇರ್ಮಾ. ಲೇಖಕ ಫ್ರಾನ್ಜ್ ಕಾಫ್ಕಾ ಇವರ ಮನೆಗೆ ಬಂದು ಹೋಗುತ್ತಿದ್ದರು. ಬೆಳೆದ ಮೇಲೆ ಆಲಿಸ್ ಕಛೇರಿ ಕೊಡುತ್ತಾ, ಮಕ್ಕಳಿಗೆ ಪಾಠ ಹೇಳುತ್ತಾ ಹೆಸರು ಮಾಡಿದರು. 1931ರಲ್ಲಿ ಲಿಯೊಪೋಲ್ಡ್ ಸಾಮರ್ ಅವರನ್ನು ಮದುವೆಯಾದರು. 1937ರಲ್ಲಿ ಮಗ ಹುಟ್ಟಿದ. ಅವನೇ ಮುಂದೆ ರಾಫೆಲ್ ಎಂದು ಹೆಸರಾದವನು.

1939ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಪ್ರಾಗ್‌ಗೆ ನುಗ್ಗಿತು. ಅಕ್ಕ-ತಂಗಿಯರು ಪ್ಯಾಲೆಸ್ಟೈನ್‌ಗೆ ಹೊರಟುಹೋದರು. ವಯಸ್ಸಾದ ತಾಯಿಯನ್ನು ಬಿಟ್ಟುಹೋಗಲಾಗದೆ ಆಲಿಸ್ ಉಳಿದರು. 1942ರಲ್ಲಿ ಆ ತಾಯಿಯನ್ನೇ ನಾಜಿಗಳು ಸಾಗಿಸಿದರು. 72ರ ಹರೆಯದ ಆಕೆ ಮರಳಲಿಲ್ಲ.

ಆ ದುಃಖದಲ್ಲಿ ಆಲಿಸ್ ಕೈಗೆತ್ತಿಕೊಂಡದ್ದು ಶೋಪಾನ್‌ನ 24 ಎಟ್ಯೂಡ್‌ಗಳನ್ನು. ಎಟ್ಯೂಡ್ ಎಂದರೆ ಅಭ್ಯಾಸದ ಪಾಠ. ಹಾಗೆಂದು ನಮ್ಮ ಸರಳೆ ವರಸೆಯಷ್ಟು ಸರಳವಲ್ಲ, ಪಳಗಿದ ಕೈಗಳನ್ನೂ ದಣಿಸುವಂಥವು. ದಿನಕ್ಕೆ ಹಲವು ಗಂಟೆ ಕೂತು ಅಷ್ಟನ್ನೂ ಬಾಯಿಪಾಠ ಮಾಡಿದರು.

ಸೆರೆಯೊಳಗಿನ ಕಛೇರಿ

1943ರ ಜುಲೈನಲ್ಲಿ ಗಂಡ, ಹೆಂಡತಿ, ಆರು ವರ್ಷದ ಮಗ ಮೂವರನ್ನೂ ಥೆರೆಸಿಯೆನ್‌ಸ್ಟಾಟ್‌ಗೆ ಒಯ್ದರು. ಇದು ಪ್ರಾಗ್‌ನ ಉತ್ತರಕ್ಕಿರುವ ಹಳೆಯ ಕೋಟೆ ಊರು. ಯಹೂದಿಗಳಿಗೆ ಅದೇ ಸೆರೆಮನೆ. ಹಸಿವು, ರೋಗದಿಂದ ಸುಮಾರು 33 ಸಾವಿರ ಜನ ಅಲ್ಲೇ ಸತ್ತರು. 80 ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಪೂರ್ವದ ಶಿಬಿರಗಳಿಗೆ ರೈಲು ಹತ್ತಿಸಿದರು. ಅವರಲ್ಲಿ ಬದುಕಿ ಬಂದವರು ಬಹಳ ಕಡಿಮೆ.

ಅಂಥ ಜಾಗದಲ್ಲಿ ಆಲಿಸ್ ನೂರಕ್ಕೂ ಹೆಚ್ಚು ಕಛೇರಿ ಕೊಟ್ಟರು, ಅದೂ ಪುಸ್ತಕ ನೋಡದೆ, ನೆನಪಿನಿಂದ. ಪುಟ್ಟ ಮಗ 'ಬ್ರುಂಡಿಬಾರ್' ಎಂಬ ಮಕ್ಕಳ ಸಂಗೀತ ನಾಟಕದಲ್ಲಿ ಗುಬ್ಬಚ್ಚಿಯ ಪಾತ್ರ ಹಾಡಿದ. ಕೈದಿಗಳಾಗಿದ್ದ ಮಕ್ಕಳೇ ಆಡಿದ ಈ ನಾಟಕ ಅಲ್ಲಿ 55 ಸಲ ಪ್ರದರ್ಶನ ಕಂಡಿತು.

ನಾಜಿಗಳು ಇದಕ್ಕೆ ಅವಕಾಶ ಕೊಟ್ಟದ್ದೇಕೆ? ಕರುಣೆಯಿಂದ ಅಲ್ಲ. 1944ರ ಜೂನ್ 23ರಂದು ರೆಡ್‌ಕ್ರಾಸ್ ತಂಡ ಪರಿಶೀಲನೆಗೆ ಬಂದಾಗ ಗೋಡೆಗಳಿಗೆ ಬಣ್ಣ ಬಳಿದು, ಮಕ್ಕಳ ನಾಟಕ ತೋರಿಸಿ, ಎಲ್ಲ ಚೆನ್ನಾಗಿದೆ ಎಂದು ನಂಬಿಸಿದರು. ಸಂಗೀತ ಅವರಿಗೆ ಸುಳ್ಳಿನ ಪರದೆ. ಅದೇ ಸಂಗೀತ ಕೈದಿಗಳಿಗೆ ಹಸಿವು ಮರೆಸುವ ಒಂದು ಗಂಟೆ. ಒಂದೇ ರಾಗ, ಎರಡು ಬಳಕೆ. ಆಲಿಸ್ ಕತೆ ಹೇಳುವಾಗ ಎರಡನೆಯದನ್ನಷ್ಟೇ ಹೇಳಿ ಮೊದಲನೆಯದನ್ನು ಬಿಟ್ಟರೆ ಅದು ಇತಿಹಾಸ ಆಗುವುದಿಲ್ಲ.

1944ರ ಶರತ್ಕಾಲದಲ್ಲಿ ಲಿಯೊಪೋಲ್ಡ್ ಅವರನ್ನು ಆಶ್ವಿಟ್ಸ್‌ಗೆ ಸಾಗಿಸಿದರು. ಹೋಗುವ ಮುನ್ನ ಹೆಂಡತಿಯಿಂದ ಒಂದು ಮಾತು ತೆಗೆದುಕೊಂಡರು: ಯಾವುದಕ್ಕೂ ನೀನಾಗಿ ಮುಂದೆ ಬರಬೇಡ. ಕೆಲವೇ ದಿನಗಳಲ್ಲಿ, ಗಂಡಂದಿರ ಬಳಿ ಹೋಗಲು ಇಷ್ಟವಿರುವ ಹೆಂಗಸರು ಬರಬಹುದು ಎಂಬ ಕರೆ ಬಂತು. ಆಲಿಸ್ ಹೋಗಲಿಲ್ಲ. ತಾಯಿ, ಮಗ ಬದುಕುಳಿದರು. ಲಿಯೊಪೋಲ್ಡ್ ಡಾಖೌ ಶಿಬಿರದಲ್ಲಿ ಕಾಯಿಲೆಯಿಂದ ಸತ್ತರು.

ಮತ್ತೆ ಮೊದಲಿನಿಂದ

1945ರಲ್ಲಿ ಪ್ರಾಗ್‌ಗೆ ಮರಳಿದರೆ ಅವರ ಮನೆಯಲ್ಲಿ ಬೇರೆಯವರಿದ್ದರು. 1949ರಲ್ಲಿ ಮಗನನ್ನು ಕರೆದುಕೊಂಡು ಇಸ್ರೇಲ್‌ಗೆ ಹೊರಟರು. ವಯಸ್ಸು 45, ಹೊಸ ದೇಶ, ಕಲಿಯಬೇಕಾದ ಹೊಸ ಭಾಷೆ. ಅನ್ನ ಕೊಟ್ಟದ್ದು ಅದೇ ಹಳೆಯ ವಿದ್ಯೆ. ಜೆರುಸಲೇಂನ ಸಂಗೀತ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಮಗ ರಾಫೆಲ್ ಚೆಲ್ಲೊ ವಾದಕನಾಗಿ ಹೆಸರು ಮಾಡಿ, ತಾನೂ ಮೇಷ್ಟರಾದ.

1986ರಲ್ಲಿ, ಎಂಬತ್ತು ದಾಟಿದ ಮೇಲೆ, ಮಗನ ಹತ್ತಿರ ಇರಲೆಂದು ಲಂಡನ್‌ಗೆ ಬಂದರು. 2001ರಲ್ಲಿ 64ರ ಆ ಮಗನೂ ಹಠಾತ್ತಾಗಿ ತೀರಿಕೊಂಡ. ಇಬ್ಬರು ಮೊಮ್ಮಕ್ಕಳು ಉಳಿದರು. ತೊಂಬತ್ತೇಳರ ಅಜ್ಜಿ ಪಿಯಾನೊ ಮುಚ್ಚಲಿಲ್ಲ. ಬೆರಳುಗಳೆರಡು ಸೆಟೆದುಕೊಂಡಾಗ ಉಳಿದ ಎಂಟರಲ್ಲೇ ನುಡಿಸಲು ಕಲಿತರು. ಅಕ್ಕಪಕ್ಕದವರು ದಿನವೂ ಕೇಳುತ್ತಿದ್ದರು. ಅವರ ಮೇಲೆ ಮಾಡಿದ 'ದಿ ಲೇಡಿ ಇನ್ ನಂಬರ್ 6' ಕಿರು ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದದ್ದು ಅವರು ಸತ್ತ ಒಂದು ವಾರಕ್ಕೆ.

ಹಾಗಾದರೆ ಸಂಗೀತವೇ ಅವರನ್ನು ಉಳಿಸಿತೇ? ಹಾಗೆ ಹೇಳುವುದು ಸುಲಭ. ಆದರೆ 'ಬ್ರುಂಡಿಬಾರ್' ರಚಿಸಿದ ಹಾನ್ಸ್ ಕ್ರಾಸಾ ಕೂಡ ದೊಡ್ಡ ಸಂಗೀತಗಾರರೇ. ಅವರನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ವಿದ್ಯೆ ಇದ್ದವರೆಲ್ಲ ಉಳಿಯಲಿಲ್ಲ. ಉಳಿದವರಿಗೆ ಮಾತ್ರ ಅದು ಮತ್ತೆ ಬದುಕು ಕಟ್ಟುವ ಬಂಡವಾಳವಾಯಿತು.

ಮನೆ, ಸಾಮಾನು, ಊರು, ಗಂಡ ಎಲ್ಲವನ್ನೂ ಕಿತ್ತುಕೊಂಡವರಿಗೆ ಬೆರಳಲ್ಲಿದ್ದುದು ಸಿಗಲಿಲ್ಲ. ಅದನ್ನು ಆಲಿಸ್ ತಾವೇ, ಒಬ್ಬೊಬ್ಬ ಶಿಷ್ಯರಿಗೆ, ಒಂದೊಂದು ಪಾಠವಾಗಿ ಕೊಟ್ಟು ಹೋದರು.