ಒದ್ದೆಯಾದರೂ ಬೆಚ್ಚಗೆ: ಮುಳುಗುಗಾರರ ಉಡುಪಿನ ಇತಿಹಾಸ

ಕಂಬಳಿಗೆ ಸ್ವಂತ ಬಿಸಿಯೆಂಬುದಿಲ್ಲ. ನನ್ನ ಬಳಿ ವಿಜ್ಞಾನ ಕಲಿತವರಿಗೆ ಈ ಮಾತು ನೆನಪಿರಬಹುದು. ಉಷ್ಣವಹನದ ಪಾಠವನ್ನು ಪ್ರತಿವರ್ಷವೂ ನಾನು ಇದರಿಂದಲೇ ಆರಂಭಿಸುತ್ತಿದ್ದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿ ಅಲುಗದೆ ನಿಂತ ಗಾಳಿಯೇ ನಮ್ಮ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡುತ್ತಿದ್ದವರು ಇದನ್ನು ಯಾವ ಪುಸ್ತಕವನ್ನೂ ಓದದೆಯೇ ತಿಳಿದಿದ್ದರು. ಕೊಪ್ಪೆ ತೊಯ್ದರೂ ಅದರೊಳಗಿನ ಮೈ ಅಷ್ಟು ಬೇಗ ತಣ್ಣಗಾಗುತ್ತಿರಲಿಲ್ಲ.

ಈಗ ನಮ್ಮವರ ಮಕ್ಕಳು, ಮೊಮ್ಮಕ್ಕಳು ಮುರ್ಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದು ಮೀನುಗಳನ್ನು ನೋಡಿ ಬರುತ್ತಾರೆ. ಆಗ ತೊಡುವ ಕಪ್ಪು ರಬ್ಬರಿನಂಥ ಉಡುಪು ನೀರನ್ನು ಒಳಬಿಡದ ಕೋಟು ಎಂದು ಹಲವರ ಭಾವನೆ. ಅದು ಹಾಗಲ್ಲ. ಅದರ ಹೆಸರೇ ವೆಟ್‌ಸೂಟ್, ಅಂದರೆ ಒದ್ದೆಯ ಉಡುಪು. ಒದ್ದೆಯಾಗಿದ್ದೂ ಬೆಚ್ಚಗಿರಬಹುದು ಎಂಬ ಸರಳ ವಿಚಾರ ಮನುಷ್ಯನಿಗೆ ಹೊಳೆಯಲು 1951ರವರೆಗೆ ಕಾಯಬೇಕಾಯಿತು ಎಂಬುದೇ ಈ ಇತಿಹಾಸದ ಸ್ವಾರಸ್ಯ.

ಮೊದಲು ಚಳಿಯ ವಿಚಾರ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮೈಗೆ ತಾಗಿದ ನೀರು ಕೊಂಚ ಬಿಸಿಯಾಗುವಷ್ಟರಲ್ಲಿ ಅದು ಹರಿದುಹೋಗಿ, ಹೊಸ ತಣ್ಣೀರು ಅದರ ಸ್ಥಾನಕ್ಕೆ ಬರುತ್ತದೆ. ಆದ್ದರಿಂದಲೇ 28 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯಲ್ಲಿ ಬೆವರುವ ನಾವು ಅಷ್ಟೇ ಉಷ್ಣತೆಯ ನೀರಿನಲ್ಲಿ ಬಹುಹೊತ್ತು ಇದ್ದರೆ ನಡುಗತೊಡಗುತ್ತೇವೆ. ಚಳಿ ಹೆಚ್ಚಿದಂತೆ ಬೆರಳುಗಳು ಮರಗಟ್ಟುತ್ತವೆ, ಬುದ್ಧಿ ಮಂಕಾಗುತ್ತದೆ. ನೀರಿನಡಿಯಲ್ಲಿ ಇವೆರಡೂ ಪ್ರಾಣಕ್ಕೆ ಎರವಾಗಬಲ್ಲವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದಕ್ಕಿದ್ದ ಪರಿಹಾರವೆಂದರೆ ನೀರನ್ನು ಪೂರ್ತಿಯಾಗಿ ಹೊರಗಿಡುವುದು. ನೌಕಾಪಡೆಯ ಮುಳುಗುಗಾರರು ಒಳಗೆ ಉಣ್ಣೆಯ ಬಟ್ಟೆ ತೊಟ್ಟು, ಮೇಲೆ ತೆಳುವಾದ ರಬ್ಬರಿನ ಉಡುಪು ಧರಿಸುತ್ತಿದ್ದರು. ಬಂಡೆಗೋ ಕಬ್ಬಿಣಕ್ಕೋ ತಗುಲಿ ಅದು ಒಂದೆಡೆ ಹರಿದರೆ ಸಾಕು, ತಣ್ಣೀರು ಒಳನುಗ್ಗಿ ಉಣ್ಣೆಯನ್ನು ನೆನೆಸಿ ರಕ್ಷಣೆಯನ್ನೇ ಇಲ್ಲವಾಗಿಸುತ್ತಿತ್ತು.

ಈ ಸಮಸ್ಯೆಯನ್ನು ಕೈಗೆತ್ತಿಕೊಂಡವರು ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿ. ಯುದ್ಧಕಾಲದಲ್ಲಿ ಲಾಸ್ ಅಲಮೋಸ್‌ನ ಪರಮಾಣು ಬಾಂಬು ಯೋಜನೆಯಲ್ಲಿ ದುಡಿದಿದ್ದ ಅವರು ಅನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದರು. ಸ್ವತಃ ಕಡಲಿಗಿಳಿಯುವ ಹವ್ಯಾಸಿಯೂ ಆಗಿದ್ದರು. 1951ರ ಜೂನ್ ತಿಂಗಳಲ್ಲಿ ಬರೆದ ಒಂದು ಪತ್ರದಲ್ಲಿ ಅವರು ಮುಖ್ಯ ವಿಚಾರವೊಂದನ್ನು ಮಂಡಿಸಿದರು: ಉಡುಪಿನ ವಸ್ತುವಿನಲ್ಲಿಯೇ ಗಾಳಿ ಸೆರೆಯಾಗಿದ್ದರೆ, ಆ ಉಡುಪು ನೀರನ್ನು ತಡೆಯಬೇಕಾದ ಅಗತ್ಯವೇ ಇಲ್ಲ. ಎಲ್ಲರೂ ಒದ್ದೆಯನ್ನು ಶತ್ರುವೆಂದು ತಿಳಿದಿದ್ದಾಗ, ನಿಜವಾದ ಶತ್ರು ಹರಿಯುವ ನೀರು ಎಂದು ಅವರು ಗುರುತಿಸಿದರು.

ವಿಚಾರಕ್ಕೆ ತಕ್ಕ ವಸ್ತು ಬೇಕಿತ್ತು. ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಸಾಯನವಿಜ್ಞಾನಿಗಳು 1930ರಲ್ಲಿಯೇ ಕಂಡುಹಿಡಿದಿದ್ದರು. ಅದನ್ನು ನೊರೆಯಂತೆ ಉಬ್ಬಿಸಿದರೆ ಒಳಗೆ ಅಸಂಖ್ಯ ಸಣ್ಣ ಗುಳ್ಳೆಗಳು ಉಳಿಯುತ್ತವೆ. ಸ್ಪಂಜಿನಲ್ಲಿರುವಂತೆ ಅವು ಒಂದರೊಳಗೊಂದು ತೆರೆದುಕೊಂಡಿರುವುದಿಲ್ಲ. ಪ್ರತಿ ಗುಳ್ಳೆಯೂ ಮುಚ್ಚಿದ ಕೋಣೆಯಂತಿದ್ದು, ಅದರೊಳಗಿನ ಅನಿಲ ಹೊರಬರದು, ನೀರು ಒಳಹೋಗದು. ಈ ವಸ್ತುವನ್ನು ಬ್ರಾಡ್ನರ್ ಅವರಿಗೆ ಸೂಚಿಸಿದವರು ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ವಿಲ್ಲರ್ಡ್ ಬ್ಯಾಸ್ಕಮ್. ಮೊದಲ ಉಡುಪುಗಳು ಮೈಗೆ ಅಂಟಿಕೊಳ್ಳುತ್ತಿದ್ದುದರಿಂದ ಪೌಡರ್ ಹಚ್ಚಿಕೊಂಡು ತೊಡಬೇಕಾಗಿತ್ತು, ಎಳೆದರೆ ಹರಿಯುತ್ತಿದ್ದವು. ನೈಲಾನ್ ಬಟ್ಟೆಯ ಒಳಪದರ ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು.

ಬ್ರಾಡ್ನರ್ ಅವರಿಗೆ ಇದರಿಂದ ಹಣ ಮಾಡುವ ಆಸಕ್ತಿ ಅಷ್ಟಾಗಿ ಇರಲಿಲ್ಲ. ಪೇಟೆಂಟ್ ಕೂಡ ಅವರ ಹೆಸರಿಗೆ ಬರಲಿಲ್ಲ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಲೆಸವಾರರಿಗಾಗಿ ಅಂಗಡಿ ತೆರೆದ ಜ್ಯಾಕ್ ಓನೀಲ್, ದಕ್ಷಿಣ ಕ್ಯಾಲಿಫೋರ್ನಿಯಾದ ಮೈಸ್ಟ್ರೆಲ್ ಅವಳಿ ಸೋದರರು ಈ ಉಡುಪನ್ನು ಜನರ ಬಳಿಗೆ ಒಯ್ದರು. ಅದರ ಜನಕರೆಂಬ ಕೀರ್ತಿಯೂ ಬಹುಕಾಲ ಅವರದಾಗಿತ್ತು. 1998ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಕ್ಯಾರೊಲಿನ್ ರೇನಿ ಹಳೆಯ ಪತ್ರಗಳನ್ನು ಪರಿಶೀಲಿಸಿ, ಮೂಲ ವಿಚಾರ ಬ್ರಾಡ್ನರ್ ಅವರದೇ ಎಂದು ತೋರಿಸಿದರು. ಬ್ರಾಡ್ನರ್ 2008ರಲ್ಲಿ ತೀರಿಕೊಂಡರು. ತಮಗೆ ಸಲ್ಲಬೇಕಾದ ಮನ್ನಣೆಯನ್ನು ಅವರು ಬದುಕಿದ್ದಾಗಲೇ ಕಂಡರೆಂಬುದು ನನಗೆ ಸಮಾಧಾನದ ಸಂಗತಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಉಡುಪಿನೊಳಗೆ ಸೇರಿದ ನೀರು ಬಿಸಿಯಾಗಿ ಮೈಯನ್ನು ಬೆಚ್ಚಗಿಡುತ್ತದೆ ಎಂದು ಅನೇಕರು ಹೇಳುತ್ತಾರೆ. ಆ ನೀರನ್ನು ಬಿಸಿ ಮಾಡುವುದು ನಮ್ಮ ಮೈಯೇ; ಅಂದರೆ ಅದು ನಮಗೆ ಲಾಭವಲ್ಲ, ಖರ್ಚು. ಶಾಖವನ್ನು ತಡೆಯುವುದು ನಿಯೋಪ್ರೀನಿನ ಗುಳ್ಳೆಗಳು ಮಾತ್ರ. ಒಳಗಿನ ನೀರು ಎಷ್ಟು ಕಡಿಮೆಯೋ, ಎಷ್ಟು ನಿಶ್ಚಲವೋ ಅಷ್ಟು ಒಳ್ಳೆಯದು.

ಇಷ್ಟು ತಿಳಿದರೆ ಸರಿಯಾದ ಉಡುಪನ್ನು ಆರಿಸುವುದು ಕಷ್ಟವಲ್ಲ. ಎಲ್ಲಕ್ಕಿಂತ ಮೊದಲು ಅಳತೆ ನೋಡಬೇಕು. ಕತ್ತು, ಕಂಕುಳು, ಸೊಂಟದ ಹಿಂಭಾಗಗಳಲ್ಲಿ ಉಡುಪು ಸಡಿಲವಾಗಿದ್ದರೆ ಪ್ರತಿ ಚಲನೆಗೂ ತಣ್ಣೀರು ಒಳಬಂದು ಬೆಚ್ಚನೆಯ ನೀರು ಹೊರಹೋಗುತ್ತದೆ. ಎಷ್ಟು ದಪ್ಪನೆಯ ಉಡುಪಾದರೂ ಆಗ ವ್ಯರ್ಥ. ಹಾಗೆಂದು ಉಸಿರಾಟಕ್ಕೆ ತೊಡಕಾಗುವಷ್ಟು ಬಿಗಿಯೂ ಸಲ್ಲದು. ಅನಂತರ ದಪ್ಪ. ನಮ್ಮ ಕರಾವಳಿಯಂಥ ಬೆಚ್ಚನೆಯ ಕಡಲಿಗೆ 3 ಮಿಲಿಮೀಟರ್ ಸಾಕು. 20 ಡಿಗ್ರಿಯ ಆಸುಪಾಸಿನ ನೀರಿಗೆ 5, ಅದಕ್ಕಿಂತ ತಣ್ಣಗಿದ್ದರೆ 7 ಮಿಲಿಮೀಟರ್, ಜೊತೆಗೆ ತಲೆಗವಸು, ಕೈಗವಸು ಬೇಕು. ಇನ್ನೂ ತಣ್ಣನೆಯ ನೀರಿಗೆ, ಒಳಗೆ ನೀರು ಬಾರದ ಡ್ರೈಸೂಟ್ ಉತ್ತಮ.

ಆಳವನ್ನೂ ಮರೆಯಬಾರದು. ಬಾಯ್ಲನ ನಿಯಮ ನೆನಪಿದೆಯೇ? ಹತ್ತು ಮೀಟರ್ ಕೆಳಗಿಳಿದರೆ ಒತ್ತಡ ಇಮ್ಮಡಿಯಾಗಿ, ಅನಿಲದ ಗಾತ್ರ ಅರ್ಧಕ್ಕಿಳಿಯುತ್ತದೆ. ಉಡುಪಿನ ಗುಳ್ಳೆಗಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಆಳಕ್ಕೆ ಹೋದಂತೆ ಉಡುಪು ತೆಳುವಾಗುತ್ತದೆ, ಚಳಿ ಹೆಚ್ಚುತ್ತದೆ, ತೇಲಿಸುವ ಶಕ್ತಿಯೂ ಕುಗ್ಗುತ್ತದೆ. ಬಹಳ ಬಳಸಿದ ಹಳೆಯ ಉಡುಪುಗಳ ಗುಳ್ಳೆಗಳು ಶಾಶ್ವತವಾಗಿ ಚಪ್ಪಟೆಯಾಗಿರುತ್ತವೆ. ಅಂಥದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಈ ಆವಿಷ್ಕಾರ ಮನುಷ್ಯನ ಮೈಯನ್ನೇ ಬದಲಿಸಿದ ಒಂದು ಪ್ರಸಂಗವನ್ನೂ ಹೇಳಬೇಕು. ದಕ್ಷಿಣ ಕೊರಿಯದಲ್ಲಿ ಹೇನ್ಯೊ, ಅಂದರೆ ಕಡಲ ಹೆಣ್ಣುಮಕ್ಕಳು, ಯಾವ ಉಸಿರಾಟದ ಉಪಕರಣವೂ ಇಲ್ಲದೆ ಮುಳುಗಿ ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ತರುತ್ತಾರೆ. ತೆಳುವಾದ ಹತ್ತಿಬಟ್ಟೆ ತೊಟ್ಟು, ಚಳಿಗಾಲದಲ್ಲಿ ಸುಮಾರು 10 ಡಿಗ್ರಿಯ ನೀರಿಗಿಳಿದು, ಸ್ವಲ್ಪ ಹೊತ್ತಿನಲ್ಲೇ ದಡಕ್ಕೆ ಬಂದು ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಸುಕ್ ಕಿ ಹಾಂಗ್ ಮತ್ತು ಸಂಗಡಿಗರು ಅವರನ್ನು ಪರೀಕ್ಷಿಸಿದಾಗ, ಚಳಿಗಾಲದಲ್ಲಿ ವಿಶ್ರಾಂತಿಯಲ್ಲಿಯೂ ಅವರ ದೇಹ ಸುಮಾರು ಶೇ. 30ರಷ್ಟು ಹೆಚ್ಚು ಶಾಖ ಉತ್ಪಾದಿಸುತ್ತಿದ್ದುದು ಕಂಡುಬಂತು. 1970ರ ದಶಕದಲ್ಲಿ ವೆಟ್‌ಸೂಟ್ ಬಂತು. ಒಮ್ಮೆಗೆ ಗಂಟೆಗಟ್ಟಲೆ ನೀರಿನಲ್ಲಿರಲು ಸಾಧ್ಯವಾಯಿತು. ಆದರೆ 1980ರ ದಶಕದ ಆರಂಭದ ವೇಳೆಗೆ ಅವರ ದೇಹ ಗಳಿಸಿಕೊಂಡಿದ್ದ ಆ ವಿಶೇಷ ಶಕ್ತಿ ಮಾಯವಾಗಿತ್ತು. ಚಳಿಯನ್ನು ತಡೆಯುವ ವಿಚಾರದಲ್ಲಿ ಅವರು ಮುಳುಗದ ಹೆಂಗಸರಂತೆಯೇ ಆಗಿದ್ದರು.

ಇದನ್ನು ನಷ್ಟವೆಂದು ಹಳಹಳಿಸಲು ನಾನು ಸಿದ್ಧನಿಲ್ಲ. ದಡದ ಮೇಲೆ ಕುಳಿತವರಿಗೆ ಆ ಶಕ್ತಿ ಅದ್ಭುತ. ನಡುಗುತ್ತ ದುಡಿದ ತಾಯಂದಿರಿಗೆ ಅದು ಹೊಟ್ಟೆಪಾಡಿನ ಬೆಲೆ. ಆದರೆ ಚಳಿಯು ಮನುಷ್ಯನ ದುಡಿಮೆಗೆ ಹಾಕಿದ್ದ ಎಲ್ಲೆ ಕಡಲಿನ ಜೀವಿಗಳಿಗೆ ಕಾವಲೂ ಆಗಿತ್ತು. ಇದನ್ನರಿತ ಜಪಾನಿನ ಕೆಲವು ಊರುಗಳು ತಮ್ಮ ಮುಳುಗುವ ಹೆಂಗಸರಿಗೆ ಈ ಉಡುಪಿನ ಬಳಕೆಯ ಮೇಲೆ ತಾವೇ ನಿರ್ಬಂಧ ಹಾಕಿಕೊಂಡವು. ನೀರು ಹಾಕಿದ್ದ ಎಲ್ಲೆಯನ್ನು ಉಡುಪು ದಾಟಿಸಿದ ಮೇಲೆ, ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಮನುಷ್ಯನ ಪಾಲಿಗೆ ಬಂತು. ನಮ್ಮ ಕಡಲಿಗಿಳಿಯುವ ಎಳೆಯರು ಮೈಗೊಪ್ಪುವ ಉಡುಪನ್ನು ಆರಿಸಿಕೊಳ್ಳಲಿ, ಕ್ಷೇಮವಾಗಿ ಮೇಲೆ ಬರಲಿ. ಈ ತೀರ್ಮಾನವೂ ತಮ್ಮದೆಂದು ತಿಳಿದಿರಲಿ.